ಬಲಗೈಗೆ ಬಂದ ಕತ್ತಿ

ಅಬ್ರಹಾಮ ಕೈ ಬದಲಾಯಿಸಿದ್ದನ್ನು ಮೊದಲು ಕಂಡವಳು ಗೂಲೆ ಅಜ್ಜಿ.

ಈಸ್ಟರ್ ಭಾನುವಾರದ ಮಧ್ಯಾಹ್ನ. ಲಿಯರ್ ಪಟ್ಟಣದಲ್ಲಿ ಗಂಡಸರಿಲ್ಲದೆ ದೇವರ ಹೆಸರಲ್ಲಿ ಒಟ್ಟಿಗೆ ಬಾಳುವ ಬೆಗೀನ್ ಕೇರಿಯ ಹೆಂಗಸರೆಲ್ಲ ಹಜಾರದ ಉದ್ದನೆಯ ಮೇಜಿಗೆ ಕೂತಿದ್ದರು. ನಲವತ್ತು ದಿನದ ತಪಸ್ಸುಕಾಲವಿಡೀ ಉಪ್ಪುಮೀನು, ಬಟಾಣಿ ಗಂಜಿ ತಿಂದು ಎಲ್ಲರ ನಾಲಿಗೆಯೂ ಸತ್ತುಹೋಗಿತ್ತು. ಈಗ ಕುರಿಮರಿ ಬಂದಿತ್ತು, ಮೊಟ್ಟೆ ಬಂದಿತ್ತು, ಬೆಣ್ಣೆ ಬಂದಿತ್ತು. ಬಾರ್ಬಲ ಎರಡನೇ ತುಂಡಿಗೆ ಕೈ ಹಾಕುವಷ್ಟರಲ್ಲಿ ಎದುರಿಗಿದ್ದ ಅಜ್ಜಿ ಚಮಚ ಕೆಳಗಿಟ್ಟಳು.

"ಅವನು ಬಲಗೈಲಿ ಹಿಡ್ಕೊಂಡಿದಾನೆ," ಎಂದಳು.

"ಯಾರಜ್ಜಿ? ಏನನ್ನ?"

"ಅಬ್ರಹಾಮ. ಕತ್ತೀನ. ಬಟ್ಟೆ ಮುಚ್ಚೋಕೆ ಮುಂಚೆ ಎಡಗೈಲಿತ್ತು."

"ಅಜ್ಜಿಗೆ ಬಿಯರ್ ತಲೆಗೇರಿದೆ," ಎಂದು ಮೇಜಿನ ಆ ತುದಿಯಿಂದ ಯಾರೋ ನಕ್ಕರು.

"ಮೂವತ್ತು ವರ್ಷದಿಂದ ಇದೇ ಜಾಗದಲ್ಲಿ ಕೂತು ತಿಂತಿದೀನಿ ಕಣ್ರೇ. ನಿಮ್ಮ ಮುಖಕ್ಕಿಂತ ಅವನ ಮುಖ ನೋಡಿದ್ದೇ ಜಾಸ್ತಿ. ಅದೇ ವಾಸಿ ಅನ್ನಿಸ್ತಿತ್ತು."

ಎಲ್ಲರೂ ಗೋಡೆಯತ್ತ ತಿರುಗಿದರು. ಅಲ್ಲಿ ಓಕ್ ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದ ಮೂರು ಚಿಕ್ಕ ಕರಡುಚಿತ್ರಗಳಿದ್ದವು. ತೀರಿಹೋದ ಮೆಲ್ಕಿಯೋರ್ ವೌಟರ್ಸ್ ಎಂಬ ಆಂಟ್ವರ್ಪಿನ ಚಿತ್ರಕಾರ ಯಾವುದೋ ದೊಡ್ಡ ಕೆಲಸ ಹಿಡಿಯುವ ಮುಂಚೆ ಅಂದಾಜಿಗೆಂದು ಎಳೆದಿದ್ದವು. ಅವನ ತಂಗಿ ಇದೇ ಕೇರಿಯಲ್ಲಿ ಬದುಕಿ ಸತ್ತಳು; ಅವಳ ನೆನಪಿಗೆ ಕೊಟ್ಟಿದ್ದ. ಒಂದರಲ್ಲಿ ಅಬ್ರಹಾಮನ ಹೆಂಡತಿ ಸಾರಾ ಗುಡಾರದ ಬಾಗಿಲಲ್ಲಿ ಎಡಗೈಯಲ್ಲಿ ಸೌಟು ಹಿಡಿದು ಮೂವರು ಅತಿಥಿಗಳಿಗೆ ಬಡಿಸುತ್ತಿದ್ದಳು. ಇನ್ನೊಂದರಲ್ಲಿ ಅಬ್ರಹಾಮನ ದಾಸಿ ಹಾಗರ ಮರಳುಗಾಡಿನಲ್ಲಿ ಮಗನ ಬಾಯಿಗೆ ಕೊಡ ಬಗ್ಗಿಸುತ್ತಿದ್ದಳು, ಅವಳದೂ ಎಡಗೈಯೇ. ನಡುವಿನದರಲ್ಲಿ ದೇವರಿಗೆ ಬಲಿಯಾಗಲಿದ್ದ ಮಗ ಇಸಾಕ ಸೌದೆಯ ಮೇಲೆ ಬಿದ್ದಿದ್ದ, ಅಪ್ಪ ಅಬ್ರಹಾಮನ ಕತ್ತಿ ಮೇಲೆದ್ದಿತ್ತು, ದೇವದೂತ ಮೋಡದಿಂದ ಕೈ ಚಾಚಿ ಮಣಿಕಟ್ಟು ಹಿಡಿದಿದ್ದ. ಯಾವುದೂ ಪೂರ್ತಿ ಬಳಿದದ್ದಲ್ಲ. ಹಲಗೆಯ ಕಂದುಬಣ್ಣ ಬಿಟ್ಟ ಕಡೆ ಅದೇ ನೆರಳು, ಎರಡು ಬಿಳಿ ಗೀರು ಎಳೆದ ಕಡೆ ಅದೇ ಗಡ್ಡ. ಆದರೂ ಆ ಮುದುಕನ ಉಸಿರು ಕೇಳಿಸುವ ಹಾಗಿತ್ತು.

ಇವತ್ತು ಕೇಳಿಸಲಿಲ್ಲ. ಬಾರ್ಬಲ ಬೆಂಚು ಹತ್ತಿ ಹತ್ತಿರದಿಂದ ನೋಡಿದಳು. ಕತ್ತಿ ಬಲಗೈಯಲ್ಲೇ ಇತ್ತು. ಮೋಡ ಹಾಲಿನಷ್ಟು ಬಿಳಿ. ಅಕ್ಕಪಕ್ಕದ ಎರಡು ಚಿತ್ರಗಳ ಬಿಳಿ ಹಳೆಯ ಕೊಂಬಿನ ಬಾಚಣಿಗೆಯ ಹಾಗೆ ಮಾಸಿತ್ತು. ಹೆಬ್ಬೆರಳು ಒತ್ತಿದಳು. ಬಣ್ಣ ಅಂಟಿತು.

"ಹಸಿಯಾಗಿದೆ," ಎಂದಳು ಬಾರ್ಬಲ. "ಯಾವನೋ ಕಳ್ಳ ನಮ್ಮದನ್ನ ಹೊತ್ಕೊಂಡು ಹೋಗಿ ಇದನ್ನ ತಗಲಿಹಾಕಿದಾನೆ."

ಆಮೇಲೆ ಕುರಿಮರಿ ಯಾರಿಗೂ ಬೇಕಾಗಲಿಲ್ಲ. ಗೂಲೆ ಅಜ್ಜಿ ಮಾತ್ರ ತಿಂದಳು.

*

ಊರಿನ ಚಿತ್ರಕಾರ ರೋಂಬೌಟನನ್ನು ಕರೆಸಿದರು. ಐವತ್ತರ ಆಸುಪಾಸಿನ ಎತ್ತರದ ಆಳು. ಚರ್ಚುಗಳಿಗೆ ಪೀಠದ ಚಿತ್ರ ಬರೆಯುವವನು. ಪ್ರತಿ ವರ್ಷ ಏಣಿ ತಂದು ಹಜಾರದ ಚಿತ್ರಗಳ ಧೂಳು ಹೊಡೆದು, ಬಟ್ಟೆ ಮುಚ್ಚಿ, ತೆಗೆದು, ಒಂದು ಲೋಟ ಬಿಯರ್ ಬಿಟ್ಟು ಬೇರೇನೂ ತೆಗೆದುಕೊಳ್ಳದೆ ಹೋಗುತ್ತಿದ್ದ. ಅವನು ಚಿತ್ರವನ್ನು ಇಳಿಸಿ ಕಿಟಕಿಗೆ ಹಿಡಿದ.

"ನಕಲೇ," ಎಂದ. "ಪಳಗಿದ ಕೈ. ಯಾರದು ಅಂತ ಹೇಳಲಾರೆ."

ಕೇರಿಯ ಹಿರಿಯಳು ಅಪೊಲೋನಿಯಾ. ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ಮಂಡಿನೋವು, ಕೋಲು, ಕೋಲಿಗಿಂತ ಗಟ್ಟಿ ದನಿ. "ಅಂದ್ರೆ ಎರಡು ವಾರದಿಂದ ನೇರಳೆ ಬಟ್ಟೆ ಕೆಳಗೆ ಇದೇ ಇತ್ತು," ಎಂದಳು. "ಈಸ್ಟರ್‌ಗೆ ಮುಂಚೆ ಎಲ್ಲ ಚಿತ್ರಕ್ಕೂ ಬಟ್ಟೆ ಮುಚ್ತೀವಿ, ಯಾರೂ ನೋಡಲ್ಲ ಅನ್ನೋದು ಕಳ್ಳನಿಗೆ ಗೊತ್ತಿತ್ತು. ಈ ಎರಡು ವಾರ ಹಜಾರದ ಬೀಗದಕೈ ಯಾರ ಸೊಂಟದಲ್ಲಿತ್ತು?"

ಯಾರೂ ಉತ್ತರ ಹೇಳಬೇಕಾಗಿರಲಿಲ್ಲ. ಡಿಗ್ನಾಳ ಸೊಂಟದಲ್ಲಿತ್ತು. ಚರ್ಚಿನ ಗಂಟೆ, ದೀಪ, ಬೀಗ ಎಲ್ಲ ಅವಳದೇ ಜವಾಬ್ದಾರಿ. ಅದೂ ಸಾಲದು ಎಂಬಂತೆ ಅವಳ ತಮ್ಮ ಯಾಸ್ಪರ್ ಬ್ರಸೆಲ್ಸಿನಲ್ಲಿ ಚಿತ್ರಕಾರ. ಹದಿನೈದು ದಿನದಿಂದ ಅಕ್ಕನನ್ನು ನೋಡಲು ಬಂದು ಸೇತುವೆ ಹತ್ತಿರದ ಛತ್ರದಲ್ಲಿ ಉಳಿದಿದ್ದ.

ರೋಂಬೌಟ ತನ್ನ ಬೂಟುಗಳನ್ನು ನೋಡುತ್ತ ನಿಂತಿದ್ದ.

"ನಾನು ಮಾಡಿಲ್ಲ," ಎಂದಳು ಡಿಗ್ನಾ. ನಲವತ್ತು ದಾಟಿದ ಒಣಕಲು ಹೆಂಗಸು, ಮಾತೂ ಒಣಕಲು. "ಅಷ್ಟೇ. ಇನ್ನೂ ಉದ್ದ ಹೇಳಿದ್ರೆ ನಿಜ ಜಾಸ್ತಿ ಆಗಲ್ಲ."

"ಮುಂದಿನ ಭಾನುವಾರದ ತನಕ ಗಡುವು ಕೊಡ್ತೀನಿ," ಎಂದಳು ದೊಡ್ಡಮ್ಮ. "ಚಿತ್ರ ವಾಪಸ್ ಬರಬೇಕು. ಇಲ್ಲಾಂದ್ರೆ ನಿನ್ನ ಮನೆ ಖಾಲಿ ಮಾಡು."

ಬೆಗೀನರು ಸನ್ಯಾಸಿನಿಯರಲ್ಲ. ಲೇಸು ಹೆಣೆದು, ಊರಿನ ನಾರುಬಟ್ಟೆ ಒಗೆದು ತಮ್ಮ ಅನ್ನ ತಾವೇ ದುಡಿಯುತ್ತಾರೆ. ಹೊರಗೆ ಹೋಗುತ್ತೇನೆಂದರೆ ಯಾರೂ ತಡೆಯುವುದಿಲ್ಲ. ಆದರೆ ಕಳ್ಳಿ ಎಂದು ಹೊರಹಾಕಿಸಿಕೊಂಡವಳಿಗೆ ಲಿಯರ್‌ನಲ್ಲಿ ಒಂದು ಅಂಗಿ ಒಗೆಯಲು ಯಾರೂ ಕೊಡುವುದಿಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಾರ್ಬಲಳ ಕಿವಿ ಬಿಸಿಯಾಯಿತು. ಬಾಯಿ ತೆರೆದಳು. ಪಕ್ಕದಿಂದ ಜೋಸೀನ ಅವಳ ತೋಳು ಚಿವುಟಿದಳು.

ಜೋಸೀನ ಮತ್ತು ಬಾರ್ಬಲ ಒಂದೇ ಮನೆಯಲ್ಲಿದ್ದರು. ಜೋಸೀನ ಬಟ್ಟೆ ವ್ಯಾಪಾರಿಯೊಬ್ಬನ ವಿಧವೆ. ಸಣ್ಣ ಮೈ, ನಿಧಾನದ ನಡೆ, ಕೈಯಲ್ಲಿ ಸದಾ ಒಂದು ಕಾಲುಚೀಲದ ಹೆಣಿಗೆ. ಯೋಚನೆ ಮಾಡುವಾಗ ಹೆಣೆದದ್ದನ್ನೇ ಬಿಚ್ಚುತ್ತಿದ್ದಳು. ಹಾಗಾಗಿ ಆ ಕಾಲುಚೀಲ ಯಾವತ್ತೂ ಮುಗಿದಿರಲಿಲ್ಲ. ಕೇರಿಯಲ್ಲಿ ಏನೇ ಕಳೆದರೂ, ಯಾರೇ ಸುಳ್ಳು ಹೇಳಿದರೂ ಜನ ಬರುತ್ತಿದ್ದುದು ಅವಳ ಬಾಗಿಲಿಗೆ. ಹಿಂದಿನ ವರ್ಷ ಚರ್ಚಿನ ಬೆಳ್ಳಿ ಬಟ್ಟಲು ಹುಡುಕಿಕೊಟ್ಟಿದ್ದು ಅವಳೇ. ಅಡುಗೆ ಮಾಡುವುದು, ಕೂಗಾಡುವುದು ಬಾರ್ಬಲಳ ಪಾಲು.

"ದೊಡ್ಡಮ್ಮ," ಎಂದಳು ಜೋಸೀನ, "ಒಂದು ಕೇಳ್ಕೋತೀನಿ. ಈ ನಕಲನ್ನ ನಿಮ್ಮ ನಾರುಬಟ್ಟೆ ಪೆಟ್ಟಿಗೇಲಿ ಇಟ್ಟು ಬೀಗ ಹಾಕಿ. ಬೀಗದಕೈ ನಿಮ್ಮ ಹತ್ರಾನೇ ಇರ್ಲಿ."

"ಅದನ್ನ ಯಾರು ಕದೀತಾರೆ?"

"ಯಾರೂ ಇಲ್ಲ. ಆದ್ರೂ ಇಡಿ."

*

ಮನೆಗೆ ಬಂದ ಮೇಲೆ ಬಾರ್ಬಲ ಪಾತ್ರೆಗಳನ್ನು ಎತ್ತಿ ಕುಕ್ಕತೊಡಗಿದಳು.

"ಆಂಟ್ವರ್ಪಿನ ಆ ದಲ್ಲಾಳಿ ಕಣಕ್ಕ. ಚಳಿಗಾಲದಲ್ಲಿ ಬಂದು ಮಾರ್ತೀರಾ ಮಾರ್ತೀರಾ ಅಂತ ನೊಣದ ಹಾಗೆ ಸುತ್ತಿದ್ನಲ್ಲ."

"ಅವನು ಆಮೇಲೆ ಈ ಊರಿಗೆ ಕಾಲಿಟ್ಟಿಲ್ಲ. ಬಾಗಿಲು ಕಾಯೋಳನ್ನ ಕೇಳಿದೆ." ಜೋಸೀನ ಒಂದು ಸಾಲು ಬಿಚ್ಚಿದಳು. "ಅವನೊಬ್ಬನೇ ಅಲ್ಲ ಕೇಳಿದ್ದು. ದೊಡ್ಡಮ್ಮ ಹೇಳಿದ್ರು, ರೋಂಬೌಟ ಮೇಸ್ತ್ರಿನೂ ಒಂದು ತಿಂಗಳ ಮಟ್ಟಿಗೆ ಸಾಲ ಕೇಳಿದ್ನಂತೆ. ದೊಡ್ಡ ಚರ್ಚಿನವರು ಅವನಿಗೆ ಅಬ್ರಹಾಮನ ಚಿತ್ರ ವಹಿಸಿದಾರೆ. ಗೋಡೆಯಿಂದ ಇಳಿಸಬಾರದು ಅನ್ನೋ ಮಾತಿನ ಮೇಲೆ ವೌಟರ್ಸ್ ಕೊಟ್ಟದ್ದು, ಆಗಲ್ಲ ಅಂದ್ರಂತೆ. ಪಾಪ, ಬಂದು ಕೂತು ಸೀಮೆಸುಣ್ಣದಲ್ಲಿ ಬರ್ಕೊಂಡು ಹೋದ."

"ಅದು ನಾನೂ ನೋಡಿದೀನಿ. ಛತ್ರಿಯಷ್ಟಗಲ ಕಾಗದ ಹಿಡ್ಕೊಂಡು ಕೂತಿದ್ದ. ಒಳ್ಳೆಯವನು. ಡಿಗ್ನಾಳ ತಮ್ಮನ ಮೇಲೆ ನನಗೂ ಅನುಮಾನಾನೇ."

ಆ ಹೊತ್ತಿಗೆ ಡಿಗ್ನಾಳೇ ಬಾಗಿಲಲ್ಲಿ ನಿಂತಿದ್ದಳು. ಬಾರ್ಬಲ ನಾಲಿಗೆ ಕಚ್ಚಿಕೊಂಡಳು.

"ಪರವಾಗಿಲ್ಲ, ನಮ್ಮ ಯಾಸ್ಪರ್ ಮೇಲೆ ಅನುಮಾನ ಪಡದೆ ಇರೋಳು ನಮ್ಮಮ್ಮ ಒಬ್ಳೇ, ಅವಳೂ ಸತ್ತಳು," ಎಂದು ಡಿಗ್ನಾ ಒಳಗೆ ಬಂದು ಕೂತಳು. ಬಾರ್ಬಲ ಬಿಸಿ ಹಾಲು ತಂದಿಟ್ಟಳು.

"ಬೀಗದಕೈ ಯಾವಾಗಲೂ ನಿನ್ನ ಹತ್ರಾನೇ ಇತ್ತಾ?" ಎಂದು ಕೇಳಿದಳು ಜೋಸೀನ.

"ಶನಿವಾರ ಬೆಳಿಗ್ಗೆವರೆಗೆ. ಗುರುವಾರ ಸಂಜೆಯಿಂದ ಚರ್ಚಿನಲ್ಲಿ ಹಬ್ಬಕ್ಕೆ ಮಾಡಿಟ್ಟ ಯೇಸುವಿನ ಸಮಾಧಿ ಮುಂದೆ ಕಾವಲು ಕೂತಿದ್ದೆ, ಬಾರ್ಬಲ ನನ್ನ ಜೊತೇಲೇ ಇದ್ಲು."

"ಹೌದು," ಎಂದಳು ಬಾರ್ಬಲ. "ಒಂದು ಕ್ಷಣ ಬಿಟ್ಟಿರ್ಲಿಲ್ಲ. ನಾನು ಗೊರಕೆ ಹೊಡೆದಾಗ ಮೊಣಕೈಲಿ ತಿವೀತಿದ್ಲು."

"ಶನಿವಾರ?"

"ಶನಿವಾರ ಬೆಳಗಿನ ಪೂಜೇಲಿ ಗಂಟೆ ಹೊಡೆಯೋದು ನಾನೇ. ಗಂಟೆ ಹೊಡೆದ ಕೂಡಲೇ ಬಟ್ಟೆ ತೆಗೀಬೇಕಲ್ಲ, ಅದಕ್ಕೆ ಚರ್ಚಿನ ಬಾಗಿಲಲ್ಲಿ ರೋಂಬೌಟ ಮೇಸ್ತ್ರಿಗೆ ಬೀಗದಕೈ ಕೊಟ್ಟೆ. ಪ್ರತಿ ವರ್ಷ ಹಾಗೇ. ನಾವೆಲ್ಲ ಪೂಜೇಲಿದ್ವಿ, ಅವರು ಹಜಾರದ ಬಟ್ಟೆಯೆಲ್ಲ ತೆಗೆದು, ಬುಟ್ಟೀಲಿ ಹೊತ್ತು ತಂದು, ಒಂದೊಂದೇ ನನ್ನ ಕೈಗೆ ಕೊಟ್ರು. ಬುಟ್ಟಿ ಅವರದೇ, ತಗೊಂಡು ಹೋದ್ರು. ಏಣೀನೂ. ಬೀಗದಕೈ ದೊಡ್ಡಮ್ಮನ ಕೈಗೆ ಕೊಟ್ರಂತೆ. ಭಾನುವಾರ ಊಟಕ್ಕೆ ಬಾಗಿಲು ತೆಗೆದದ್ದು ದೊಡ್ಡಮ್ಮನೇ."

ಜೋಸೀನ ಹೆಣಿಗೆಯನ್ನು ಹಿಮ್ಮಡಿಯವರೆಗೂ ಬಿಚ್ಚಿಬಿಟ್ಟಳು.

*

ಮರುದಿನ ಛತ್ರದಲ್ಲಿ ಯಾಸ್ಪರ್ ಸಿಕ್ಕ. ದಪ್ಪ, ನಗುಮುಖ, ತೋಳಿಗೆಲ್ಲ ಬಣ್ಣ. ಅಕ್ಕನ ಮೇಲೆ ಬಂದ ಆಪಾದನೆ ಕೇಳಿ ನಗು ಹೋಯಿತು.

"ಹೋಗಿ ಆ ದೊಡ್ಡಮ್ಮನ ಕೋಲು ಮುರೀತೀನಿ," ಎಂದ.

"ಅದು ಆಮೇಲೆ," ಎಂದಳು ಜೋಸೀನ. "ಬ್ರಸೆಲ್ಸಿನಲ್ಲಿ ನೀನು ಬರೆಯೋದು ಏನು?"

"ನೇಕಾರರಿಗೆ ಮಾದರಿ. ಗೋಡೆಗೆ ತೂಗುಹಾಕೋ ಚಿತ್ರಗಂಬಳಿ ನೇಯ್ತಾರಲ್ಲ, ಅದಕ್ಕೆ."

"ನಮ್ಮ ಹಜಾರದ ಅಬ್ರಹಾಮ ಗೊತ್ತಲ್ಲ. ಈಗಿನ ನಕಲಿನಲ್ಲಿ ಕತ್ತಿ ಬಲಗೈಗೆ ಬಂದಿದೆ."

ಯಾಸ್ಪರ್ ಅವಳನ್ನೇ ದಿಟ್ಟಿಸಿ ನೋಡಿದ. "ಬಲಗೈಗೆ? ಯಾವ ದಡ್ಡ ಹಾಗೆ ಮಾಡಿದ? ನೇಯ್ದಾಗ ಅಬ್ರಹಾಮ ಎಡಚ ಆಗಿಬಿಡ್ತಾನೆ."

"ಯಾಕಪ್ಪ?" ಎಂದಳು ಬಾರ್ಬಲ.

"ನೇಕಾರ ಕೆಲಸ ಮಾಡೋದು ಬಟ್ಟೆಯ ಬೆನ್ನಿನ ಕಡೆಯಿಂದ ಅಕ್ಕ. ಅವನಿಗೆ ಕಂಡದ್ದು ಮುಂದೆ ತಿರುಗುಮುರುಗಾಗಿ ಬರುತ್ತೆ, ಕನ್ನಡೀಲಿ ಕಂಡ ಹಾಗೆ. ಅದಕ್ಕೇ ಕಂಬಳಿಗೆ ಅಂತ ಕರಡು ಬರೆಯೋರು ಎಲ್ಲರ ಕೈಯನ್ನೂ ಎಡಕ್ಕೆ ಹಾಕಿರ್ತಾರೆ. ನಿಮ್ಮ ಹಜಾರದ ಮೂರೂ ಹಾಗೇ. ಸಾರಾ ನೋಡಿ, ಹಾಗರ ನೋಡಿ. ಇಡೀ ಮನೆತನ ಎಡಚರಾ?"

ಬಾರ್ಬಲ ವರ್ಷಾನುಗಟ್ಟಲೆ ಆ ಸೌಟು ನೋಡುತ್ತ ಊಟ ಮಾಡಿದ್ದಳು. ಒಂದು ದಿನವೂ ಹೊಳೆದಿರಲಿಲ್ಲ.

"ನೀನು ನಕಲು ಮಾಡಿದ್ದರೆ?" ಎಂದಳು ಜೋಸೀನ.

"ಕತ್ತೀನ ಎಡಗೈಲೇ ಇಟ್ಟು ಬರೀತಿದ್ದೆ. ಬಲಗೈಗೆ ಹಾಕೋಕೆ ನನ್ನ ಕೈಗೇ ಬರ್ತಿರ್ಲಿಲ್ಲ. ಹನ್ನೆರಡು ವರ್ಷದಿಂದ ಬಲಗೈ ಇರೋ ಮನುಷ್ಯನ್ನ ಬರೆದಿಲ್ಲ ನಾನು."

ಅಲ್ಲಿಂದ ರೋಂಬೌಟನ ಮನೆಗೆ ಹೋದರು. ಅವನು ಚಿತ್ರ ಬರೆಯುವ ಕೋಣೆಯಲ್ಲಿ ಗೋಡೆಯುದ್ದದ ದೊಡ್ಡ ಬಟ್ಟೆ ನಿಂತಿತ್ತು. ಅಬ್ರಹಾಮ, ಇಸಾಕ, ದೇವದೂತ. ಬೆರಳಿನ ಉಗುರು, ಸೌದೆಯ ತೊಗಟೆ, ಕುರಿಯ ಉಣ್ಣೆ, ಎಲ್ಲ ಎಣಿಸಿ ಬರೆದ ಹಾಗಿತ್ತು. ಬಲಗೈ ನೇರ ಮೇಲೆದ್ದಿತ್ತು. ಬಾರ್ಬಲಳಿಗೆ ಮಾಂಸದ ಅಂಗಡಿಯಲ್ಲಿ ತೂಗುಹಾಕಿದ ತೋಳು ನೆನಪಾಯಿತು.

"ಚೆನ್ನಾಗಿದೆ ಮೇಸ್ತ್ರಿ," ಎಂದಳು ಜೋಸೀನ.

"ಸತ್ತಿದೆ," ಎಂದ ರೋಂಬೌಟ. "ವೌಟರ್ಸ್ ನಾಲ್ಕು ಗೀರು ಎಳೆದರೆ ಜೀವ ಬರ್ತಿತ್ತು. ನಾನು ಆರು ತಿಂಗಳಿಂದ ಬಳೀತಿದೀನಿ, ಇನ್ನೂ ಏಳ್ತಾ ಇಲ್ಲ. ಇನ್ನು ಏಳು ವಾರಕ್ಕೆ, ಪೆಂತೆಕೋಸ್ತ್ ಹಬ್ಬಕ್ಕೆ ಕೊಡಬೇಕು."

ಕಿಟಕಿಯ ಬಿಸಿಲಿಗೆ ಮುಖ ಮಾಡಿ ಒಬ್ಬ ದಪ್ಪ ವ್ಯಾಪಾರಿಯ ಚಿತ್ರ ಒಣಗುತ್ತಿತ್ತು, ಕತ್ತಿನ ಸುತ್ತ ಬಿಳಿ ಲೇಸು.

"ಬಿಸಿಲಿಗೆ ಹಾಳಾಗಲ್ವ?" ಎಂದಳು ಬಾರ್ಬಲ.

"ಬಿಸಿಲು ಬೇಕಮ್ಮ. ಹೊಸ ಬಣ್ಣ ಮಗು ಇದ್ದ ಹಾಗೆ, ಕತ್ತಲಲ್ಲಿಟ್ಟರೆ ಬಣ್ಣಗೆಡುತ್ತೆ." ಅಷ್ಟು ಹೇಳಿ ರೋಂಬೌಟ ತಟ್ಟನೆ ಬೆನ್ನು ತಿರುಗಿಸಿದ. ಬಿಯರ್ ತರುತ್ತೇನೆಂದು ಒಳಗೆ ಹೋದ.

ವಾಪಸ್ ಬರುವ ದಾರಿಯಲ್ಲಿ ನೇಟೆ ಹೊಳೆಯ ದಂಡೆಯ ಹುಲ್ಲಿನ ಮೇಲೆ ಬೆಗೀನರು ಬಿಳುಪಿಗೆಂದು ಹರಡಿದ ನಾರುಬಟ್ಟೆ ಉದ್ದಕ್ಕೂ ಹಾಸಿತ್ತು. ಜೋಸೀನ ನಿಂತು ನೋಡಿ ನಕ್ಕಳು.

"ಏನಕ್ಕ?" ಎಂದಳು ಬಾರ್ಬಲ.

"ಪೆಟ್ಟಿಗೇಲಿಟ್ಟ ಬಟ್ಟೆ ಏನಾಗುತ್ತೆ ಬಾರ್ಬಲ?"

"ಹಳದಿ ತಿರುಗುತ್ತೆ. ಅದಕ್ಕೇ ಬಿಸಿಲಿಗೆ ಹಾಸ್ತೀವಿ. ಇದೇನು ಕೇಳ್ತೀಯ?"

"ಸುಮ್ನೆ." ಕಾಲುಚೀಲ ಮತ್ತೆ ಹೆಣೆಯತೊಡಗಿದಳು.

*

ಭಾನುವಾರ ಬೆಳಗಿನ ಪೂಜೆ ಮುಗಿದ ಮೇಲೆ ಎಲ್ಲರೂ ಹಜಾರದಲ್ಲಿ ಸೇರಿದರು. ಮೇಜಿನ ಮೇಲೆ ಸಾರಿನ ಹಂಡೆ ಮುಚ್ಚಿಟ್ಟಿತ್ತು. ಡಿಗ್ನಾ ಬಾಗಿಲ ಹತ್ತಿರ ಬಟ್ಟೆಗಂಟು ಇಟ್ಟುಕೊಂಡು ನಿಂತಿದ್ದಳು. ಅವಳ ಇಡೀ ಬದುಕು ಒಂದು ಗಂಟಿನಲ್ಲಿ ಮುಗಿದಿತ್ತು. ಯಾಸ್ಪರ್ ಅವಳ ಪಕ್ಕ. ಜೋಸೀನ ಕೇಳಿಕೊಂಡಿದ್ದರಿಂದ ರೋಂಬೌಟನೂ ಬಂದಿದ್ದ.

"ಹೇಳು ಜೋಸೀನ," ಎಂದಳು ದೊಡ್ಡಮ್ಮ. "ಸಾರು ಆರೋದರೊಳಗೆ."

"ಮೊದಲು ಪೆಟ್ಟಿಗೆ ತೆಗೀರಿ. ಈ ವಾರ ಅದರ ಬೀಗದಕೈ ನಿಮ್ಮ ಕೊರಳಲ್ಲೇ ಇತ್ತಲ್ವಾ?"

"ಮಲಗುವಾಗಲೂ."

ಪೆಟ್ಟಿಗೆ ತೆಗೆದರು. ಬಾರ್ಬಲ ಹಲಗೆ ಎತ್ತಿ ಕಿಟಕಿಯ ಬೆಳಕಿಗೆ ತಂದಳು. ಹಜಾರದಲ್ಲಿ ಗುಸುಗುಸು ಎದ್ದಿತು. ಈಸ್ಟರ್ ದಿನ ಹಾಲಿನಷ್ಟು ಬಿಳಿಯಿದ್ದ ಮೋಡ ಈಗ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ದೇವದೂತನಿಗೆ ಕಾಮಾಲೆ ಹಿಡಿದ ಹಾಗಿತ್ತು.

"ಅಗಸೆ ಗಿಡದಿಂದ ನಾವು ಬಟ್ಟೆ ಮಾಡ್ತೀವಿ, ಅದರ ಬೀಜದಿಂದ ಚಿತ್ರಕಾರರು ಬಣ್ಣ ಕಲಸೋ ಎಣ್ಣೆ ಮಾಡ್ತಾರೆ," ಎಂದಳು ಜೋಸೀನ. "ಎರಡರದ್ದೂ ಒಂದೇ ಬುದ್ಧಿ. ಕತ್ತಲಲ್ಲಿಟ್ಟರೆ ಹಳದಿ, ಬಿಸಿಲಿಗಿಟ್ಟರೆ ಬಿಳಿ. ಬಣ್ಣ ಹೊಸದಾಗಿದ್ದಷ್ಟೂ ಬೇಗ. ಬುಧವಾರ ನಾನು ನಿಮ್ಮ ಎದುರಿಗೇ ಪೆಟ್ಟಿಗೇಲಿ ಇಣುಕಿದೆ ದೊಡ್ಡಮ್ಮ, ಆಗಲೇ ಹಳದಿ ಶುರುವಾಗಿತ್ತು. ದೀಪದ ಬೆಳಕಿಗೆ ಹಾಗೆ ಕಾಣುತ್ತೆ ಅಂದ್ರಿ ನೀವು."

"ಅಂದಿದ್ದೆ."

"ಒಂದು ವಾರದ ಕತ್ತಲೆ ಇಷ್ಟು ಮಾಡಿದ್ರೆ, ಎರಡು ವಾರ ನೇರಳೆ ಬಟ್ಟೆ ಕೆಳಗೆ ಇದ್ದಿದ್ರೆ ಏನಾಗಿರ್ಬೇಕಿತ್ತು? ಆದ್ರೆ ಈಸ್ಟರ್ ದಿನ ಅದು ಹಾಲಿನ ಹಾಗಿತ್ತು. ಬಟ್ಟೆ ಕೆಳಗೆ ಅದು ಇರಲೇ ಇಲ್ಲ. ಶನಿವಾರದವರೆಗೂ ಅಲ್ಲಿದ್ದದ್ದು ನಮ್ಮ ಅಬ್ರಹಾಮನೇ. ಈ ನಕಲು ಬಿಸಿಲಿಂದ ನೇರ ಗೋಡೆಗೆ ಬಂತು."

ದೊಡ್ಡಮ್ಮ ನಿಧಾನವಾಗಿ ಕುರ್ಚಿಯಲ್ಲಿ ಕೂತಳು.

"ಡಿಗ್ನಾ ಗುರುವಾರ ಸಂಜೆಯಿಂದ ಬಾರ್ಬಲಳ ಕಣ್ಣೆದುರಿಗಿದ್ಲು. ಶನಿವಾರ ಬೆಳಿಗ್ಗೆ ಬೀಗದಕೈ ಕೊಟ್ಟ ಮೇಲೆ ಮತ್ತೆ ಮುಟ್ಟಿಲ್ಲ. ಗುರುವಾರಕ್ಕೆ ಮುಂಚೆ ಅವಳು ಅದಲುಬದಲು ಮಾಡಿದ್ರೆ ಹಳದಿ ಕಾಣ್ತಿತ್ತು. ಇನ್ನು ಅವಳ ತಮ್ಮ. ನೇಕಾರರಿಗೆ ಬರೆಯೋನು, ಅಬ್ರಹಾಮ ಯಾಕೆ ಎಡಗೈಲಿ ಕತ್ತಿ ಹಿಡಿದಿದಾನೆ ಅಂತ ಚೆನ್ನಾಗಿ ಗೊತ್ತಿರೋನು. ಅವನಾಗಿದ್ರೆ ಆ ಕೈ ಮುಟ್ತಿರ್ಲಿಲ್ಲ. ಕತ್ತೀನ ಬಲಗೈಗೆ ಹಾಕಿದೋನು ವೌಟರ್ಸ್ ತಪ್ಪು ಮಾಡಿದಾನೆ ಅಂದ್ಕೊಂಡ. ತಿದ್ದಿದ. ಚರ್ಚಿನ ಪೀಠಕ್ಕೆ ಬರೆಯೋರಿಗೆ ಆ ಅಭ್ಯಾಸ. ಎಡಗೈಲಿ ಬಲಿ ಕೊಡೋ ಅಬ್ರಹಾಮನ್ನ ಯಾವ ಪಾದ್ರಿನೂ ಒಪ್ಪಲ್ಲ."

ಬಾರ್ಬಲ ಆಗಲೇ ರೋಂಬೌಟನ ಕಡೆ ತಿರುಗಿದ್ದಳು. ಮುಖಕ್ಕೆ ರಕ್ತ ನುಗ್ಗಿತ್ತು.

"ಶನಿವಾರದಿಂದ ಭಾನುವಾರದವರೆಗೆ ಬೀಗದಕೈ ಇಬ್ಬರ ಕೈಲಿತ್ತು," ಎಂದಳು ಜೋಸೀನ. "ಒಬ್ಬರು ದೊಡ್ಡಮ್ಮ. ಏಣಿ ಮೇಸ್ತ್ರಿಯ ಜೊತೆ ಹೋಗಿತ್ತು, ದೊಡ್ಡಮ್ಮನಿಗೆ ಮೂರು ಮೆಟ್ಟಿಲು ಹತ್ತೋಕೆ ಇಬ್ಬರು ಹಿಡೀಬೇಕು."

"ಮೂವರು," ಎಂದಳು ಗೂಲೆ ಅಜ್ಜಿ.

"ಇನ್ನೊಬ್ಬರು ಬಟ್ಟೆ ತೆಗೆಯೋಕೆ ಒಬ್ಬರೇ ಒಳಗೆ ಬಂದ್ರು, ದೊಡ್ಡ ಬುಟ್ಟಿ ತಂದ್ರು, ತಗೊಂಡು ಹೋದ್ರು. ಆದ್ರೂ ನಾನು ಇದನ್ನೆಲ್ಲ ಕಾಕತಾಳೀಯ ಅಂತ ಬಿಟ್ಬಿಡ್ತಿದ್ದೆ ಮೇಸ್ತ್ರಿ. ಒಂದು ಮಾತ್ರ ಬಿಡೋಕಾಗ್ಲಿಲ್ಲ. ಹೊಸ ಬಣ್ಣ ಕತ್ತಲಲ್ಲಿ ಕೆಡುತ್ತೆ ಅಂತ ನೀವೇ ನಮಗೆ ಹೇಳಿದ್ರಿ. ಈಸ್ಟರ್ ದಿನ ಆ ಬಿಳಿ ಮೋಡ ಕೈಲಿ ಹಿಡ್ಕೊಂಡು ನಿಂತಿದ್ರಿ. ಎರಡು ವಾರದಿಂದ ಇದು ಬಟ್ಟೆ ಕೆಳಗಿತ್ತು ಅಂತ ದೊಡ್ಡಮ್ಮ ಅಂದ್ರು. ಇಲ್ಲ ಅಂತ ಒಂದು ಮಾತು ಹೇಳಿದ್ರೆ ಡಿಗ್ನಾ ಅವತ್ತೇ ಉಳೀತಿದ್ಲು. ಬೇರೆ ಯಾವ ಚಿತ್ರಕಾರನಾದ್ರೂ ಹೇಳ್ತಿದ್ದ. ನೀವು 'ನಕಲೇ' ಅಂದು ಬೂಟು ನೋಡ್ಕೊಂಡು ನಿಂತ್ರಿ."

ರೋಂಬೌಟ ಈಗಲೂ ಬೂಟನ್ನೇ ನೋಡುತ್ತಿದ್ದ. ಕೊನೆಗೆ ತಲೆಯೆತ್ತಿದ.

"ಪೆಂತೆಕೋಸ್ತ್ ಆದ ಮೇಲೆ ವಾಪಸ್ ತರ್ತಿದ್ದೆ," ಎಂದ. "ದೇವರಾಣೆ. ಹತ್ತಿರ ಇಟ್ಕೊಂಡು ನೋಡ್ಬೇಕಿತ್ತು, ಅಷ್ಟೇ. ಎಲ್ಲಿ ಕುಂಚ ಎತ್ತಿದ, ಎಲ್ಲಿ ಬಿಟ್ಟ ಅಂತ. ಸೀಮೆಸುಣ್ಣದಲ್ಲಿ ಬರ್ಕೊಂಡದ್ದು ನಕಲು ಮಾಡೋಕೆ ಸಾಕಾಯ್ತು, ಅದು ಮಾತ್ರ ಸಿಗಲಿಲ್ಲ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಊಟ ಮಾಡುವಾಗ ಗೋಡೆ ಯಾರು ನೋಡ್ತಾರೆ."

"ನಾನು," ಎಂದಳು ಗೂಲೆ ಅಜ್ಜಿ.

"ಮಾರೋಕಲ್ಲ..."

"ಮಾರೋದು ಬಿಡಯ್ಯ," ಬಾರ್ಬಲ ಮೇಜು ಗುದ್ದಿದಳು; ಹಂಡೆಯ ಮುಚ್ಚಳ ಹಾರಿತು. "ಚಿತ್ರ ತಗೊಂಡು ಹೋದ್ಯಲ್ಲ, ಅದು ಒಂದು ಪಕ್ಕಕ್ಕಿರ್ಲಿ. ಒಂದು ವಾರ. ಒಂದು ವಾರ ಇವಳು ಗಂಟು ಕಟ್ತಾ ಕೂತಿದ್ಲು, ನೀನು ಮನೇಲಿ ಕೂತು ಕುಂಚ ಎಲ್ಲಿ ಎತ್ತಿದ ಅಂತ ನೋಡ್ತಿದ್ದೆ. ನಮಗೆ ಬಿಯರ್ ಕೊಟ್ಟೆ. ಅದನ್ನ ಕುಡಿದಿದ್ದಕ್ಕೆ ನಂಗೆ ಈಗ ವಾಕರಿಕೆ ಬರ್ತಿದೆ."

"ಹೇಳಿದ್ರೆ ದೊಡ್ಡ ಚರ್ಚಿನ ಕೆಲಸ ಹೋಗ್ತಿತ್ತು," ಎಂದ ರೋಂಬೌಟ. "ನಾಳೆ ಹೇಳೋಣ, ನಾಳೆ ಹೇಳೋಣ ಅಂತ..."

"ಅವರ ಮನೆಗೆ ಹೋಗಿ ತಗೊಂಡು ಬಾ," ಎಂದಳು ಜೋಸೀನ ಬಾರ್ಬಲಳಿಗೆ. "ಅವರನ್ನೂ ಕರ್ಕೊಂಡು ಹೋಗು. ಹೊಡೀಬೇಡ."

ಬಾರ್ಬಲ ಹೊಡೆಯಲಿಲ್ಲ. ಬೈಯುವುದನ್ನು ಮಾತ್ರ ದಾರಿಯುದ್ದಕ್ಕೂ ಬಿಡಲಿಲ್ಲ. ವ್ಯಾಪಾರಿಯ ಚಿತ್ರದ ಹಿಂದೆ, ಬಿಸಿಲು ನೇರ ಬೀಳದ ಜಾಗದಲ್ಲಿ, ಮೆತ್ತನೆ ಉಣ್ಣೆಬಟ್ಟೆ ಸುತ್ತಿ ಹಲಗೆ ಇಟ್ಟಿದ್ದ. ಒಂದು ಕಲೆಯೂ ಆಗಿರಲಿಲ್ಲ. ಅದನ್ನು ಎದೆಗವಚಿಕೊಂಡು ತರುವಾಗ ಬಾರ್ಬಲಳಿಗೆ ಸಿಟ್ಟಿನ ಮೇಲೇ ಕಣ್ಣಲ್ಲಿ ನೀರು ಬಂತು.

ಅವರು ವಾಪಸಾದಾಗ ದೊಡ್ಡಮ್ಮ ಕೋಲೂರಿ ಬಾಗಿಲಿನವರೆಗೆ ನಡೆದು, ಹಜಾರದ ಬೀಗದಕೈಯನ್ನು ಡಿಗ್ನಾಳ ಸೊಂಟಕ್ಕೆ ತಾನೇ ಕಟ್ಟುತ್ತಿದ್ದಳು. ಗಂಟು ಸರಿಯಾಗಿ ಬೀಳಲು ಹೊತ್ತು ಹಿಡಿಯಿತು.

"ನಾನು ದುಡುಕಿದೆ ಮಗಳೇ," ಎಂದಳು. "ಎಲ್ಲರೆದುರಿಗೆ ಅಂದೆ, ಎಲ್ಲರೆದುರಿಗೇ ತಪ್ಪಾಯ್ತು ಅಂತೀನಿ. ಇವನನ್ನ ಏನು ಮಾಡೋಣ, ನೀನೇ ಹೇಳು. ಚರ್ಚಿನವರಿಗೆ ತಿಳಿಸಲಾ?"

ರೋಂಬೌಟ ಟೋಪಿ ಹಿಂಡುತ್ತಿದ್ದ. ಡಿಗ್ನಾ ಅವನನ್ನೂ, ಅವನು ಮನೆಯಿಂದ ಹೊತ್ತು ತಂದು ಪಕ್ಕಕ್ಕಿಟ್ಟ ಏಣಿಯನ್ನೂ ನೋಡಿದಳು.

"ತಿಳಿಸೋದು ಬೇಡ," ಎಂದಳು. "ಅವರ ಅಬ್ರಹಾಮ ಇನ್ನೂ ಎದ್ದಿಲ್ಲ. ಬೇಕಾದ್ರೆ ಇಲ್ಲೇ ಬಂದು ಕೂತು ನೋಡ್ಲಿ, ದಿನಾ. ಬಾಗಿಲು ನಾನೇ ತೆಗೀತೀನಿ, ನಾನೇ ಹಾಕ್ತೀನಿ. ಮುಂದಿನ ವರ್ಷ ಬಟ್ಟೆ ತೆಗೆಯುವಾಗ ಏಣಿ ನಾನು ಹಿಡೀತೀನಿ. ಬುಟ್ಟಿ ನಮ್ಮದು."

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು, ಒಂದು ವಾರ ಬಿಗಿಹಿಡಿದಿದ್ದ ನಗು. ಯಾಸ್ಪರ್ ಅಕ್ಕನ ಗಂಟನ್ನು ಎತ್ತಿ ಬೆಂಚಿನ ಮೇಲೆ ಹಾಕಿ ಬಿಚ್ಚತೊಡಗಿದ. ರೋಂಬೌಟ ಡಿಗ್ನಾಳ ಮುಂದೆ ನಿಂತು ಏನೋ ಹೇಳಲು ಹೋದ. ಅವಳು ಏಣಿ ಒರಗಿಸಬೇಕಾದ ಜಾಗ ತೋರಿಸಿದಳು. ಅವನು ಹತ್ತಿದ. ಅವಳು ಏಣಿ ಹಿಡಿದಳು.

"ಈ ನಕಲನ್ನ ಏನ್ಮಾಡೋಣ?" ಎಂದಳು ಬಾರ್ಬಲ. "ಕೋಳಿಗೂಡಿಗೆ ಬಾಗಿಲಾಗುತ್ತೆ."

"ಅಡುಗೆಮನೆ ಕಿಟಕಿಯ ಬಿಸಿಲಿಗಿಡು," ಎಂದಳು ಜೋಸೀನ. "ಮತ್ತೆ ಬಿಳಿಯಾಗುತ್ತೆ. ಕೆಟ್ಟದ್ದೇನಲ್ಲ." ಅವಳ ಮಡಿಲಲ್ಲಿ ಕಾಲುಚೀಲ ಬೆರಳಿನವರೆಗೆ ಮುಗಿದು ಕೂತಿತ್ತು. ಬಾರ್ಬಲ ಅದನ್ನು ಎರಡು ಸಲ ನೋಡಿದಳು.

ಗೋಡೆಯ ಮೇಲೆ ಮುದುಕ ಮತ್ತೆ ಎಡಗೈಯೆತ್ತಿ ನಿಂತ. ದೇವದೂತ ಸರಿಯಾದ ಹೊತ್ತಿಗೆ ಆ ಮಣಿಕಟ್ಟು ಹಿಡಿದಿದ್ದ. ಎಲ್ಲರೂ ಗೂಲೆ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

"ಹ್ಞೂಂ, ಇವನೇ," ಎಂದು ತಟ್ಟೆ ಮುಂದಕ್ಕೆ ತಳ್ಳಿದಳು. "ಇನ್ನು ಬಡಿಸ್ರೇ."